ಹೊಟ್ಟೆಯ ಕೆಳಗಿನ ತಲೆ

ಮುಂಬೈಯ ಬೈಕುಲಾದಲ್ಲಿರುವ ನಮ್ಮ ಚಿತ್ರ ಸಂರಕ್ಷಣೆಯ ಕಾರ್ಯಾಗಾರಕ್ಕೆ ಕಳೆದ ಮಳೆಗಾಲದಲ್ಲಿ ಸಹಿಯಿಲ್ಲದ ತೈಲಚಿತ್ರವೊಂದು ಬಂದಿತ್ತು: ಕೋಲೂರಿ ನಿಂತ ಕುರಿಗಾಹಿ, ಒಣಹುಲ್ಲಿನ ಬಯಲು, ಬಿಸಿಲಿಗೆ ಒತ್ತೊತ್ತಾಗಿ ನಿಂತ ಮಂದೆ. ಕುರಿಯ ಚಿತ್ರ ಕಂಡರೆ ನಮ್ಮ ಮಾಲೀಕರು ಡಚ್ ಕಲಾವಿದ ಆಂಟನ್ ಮೌವೆಯ (1838–1888) ಕಥೆ ಹೇಳದೆ ಬಿಡುವುದಿಲ್ಲ. ಅವನ ಚಿತ್ರಗಳಲ್ಲಿ ಬೆನ್ನು ತಿರುಗಿಸಿ ಹೋಗುವ ಕುರಿಗಳಿಗಿಂತ ಎದುರಿಗೆ ಬರುವ ಕುರಿಗಳಿಗೆ ಅಮೆರಿಕದ ಗಿರಾಕಿಗಳು ಹೆಚ್ಚು ಬೆಲೆ ಕೊಡುತ್ತಿದ್ದರಂತೆ. ಹೀಗಾಗಿ ಮುಖಗಳೆಲ್ಲ ಗಣೇಶ ಚೌತಿಯೊಳಗೆ ಬೆಳಗಬೇಕೆಂಬ ಅಪ್ಪಣೆಯಾಯಿತು.

ಯೂವಿ (ಅತಿನೇರಳೆ) ದೀಪದಡಿ ಹಳೆಯ ವಾರ್ನಿಶ್ ಹಸಿರಾಗಿ ಹೊಳೆಯಿತು. ನಡುವಿನ ಕುರಿಯ ಹೊಟ್ಟೆಯ ಕೆಳಗೆ ಮಾತ್ರ ಬೆಂಕಿಪೆಟ್ಟಿಗೆಯಷ್ಟು ಜಾಗ ಕಪ್ಪಾಗಿತ್ತು. ಯಾರೋ ಆಮೇಲೆ ಬಳಿದ ರಿಟಚ್ ಎಂದು ಕಂಡಿಷನ್ ರಿಪೋರ್ಟಿನಲ್ಲಿ ಬರೆದುಬಿಟ್ಟೆ. ಅಸಿಟೋನ್ ಹಚ್ಚಿ ಅಂಚಿನಲ್ಲಿ ಮಾಡಿದ ಟೆಸ್ಟು ಆಕಾಶದ ಬಣ್ಣಕ್ಕೆ ಸರಿಹೋಗಿತ್ತು. ಕಂದು ಬಣ್ಣಕ್ಕೆ ಬೇರೆ ಟೆಸ್ಟು ಮಾಡುವ ತಾಳ್ಮೆ ನನಗಿರಲಿಲ್ಲ.

ಆ ಜಾಗದ ಮೇಲೆ ಉರುಳಿಸಿದ ಮೊದಲ ಎರಡು ಸ್ವಾಬುಗಳಿಗೆ (ಕಡ್ಡಿಗೆ ಸುತ್ತಿದ ಹತ್ತಿ) ಚಹಾದ ಬಣ್ಣ ಹತ್ತಿತು. ಮೂರನೆಯದು ಗಾಢ ಕಂದಾದಾಗ, ಎಷ್ಟು ಕೊಳೆ ಬಿಡುತ್ತಿದೆಯೆಂದು ನನಗೆ ಖುಷಿಯೇ ಆಯಿತು. ಐದನೆಯದನ್ನು ಉರುಳಿಸುತ್ತಿದ್ದಾಗ, ಫ್ರೇಮು ಕೂಡಿಸಲು ಬಂದಿದ್ದ ಬಾಗಲಕೋಟೆ ಕಡೆಯ ನಮ್ಮ ಬಡಗಿ ಹಿಂದಿನಿಂದ ಬಗ್ಗಿ ನೋಡಿದ.

“ಅದು ಹೊಲಸಲ್ರೀ ಅಕ್ಕಾರ, ಕುರಿ ತಲಿ. ನಡು ಮಧ್ಯಾಹ್ನ ಒಂದರ ಹೊಟ್ಟಿ ನೆರಳಾಗ ಇನ್ನೊಂದು ತಲಿ ಹಾಕಿ ನಿಂದರ್ತಾವ್ರೀ.”

ಕೈ ಅಲ್ಲೇ ನಿಂತಿತು. ಭೂತಗನ್ನಡಿ ಹಿಡಿದು ನೋಡಿದರೆ ಒಂದು ಕಿವಿ ಉಳಿದಿತ್ತು, ಅದರ ಪಕ್ಕದಲ್ಲಿ ಕ್ಯಾನ್ವಾಸಿನ ನೇಯ್ಗೆ ಕಾಣುತ್ತಿತ್ತು. ಕಲಾವಿದ ನೆರಳಿನ ಕಂದು ಬಣ್ಣಕ್ಕೆ ವಾರ್ನಿಶಿನಲ್ಲಿರುವಂಥ ರಾಳ ಬೆರೆಸಿದ್ದರಿಂದ, ವಾರ್ನಿಶ್ ಕರಗಿಸುವ ಅಸಿಟೋನಿಗೆ ಬಣ್ಣವೂ ಕರಗಿತ್ತು. ಉಣ್ಣೆಯ ಸೀಸದ ಬಿಳಿ ಮಾತ್ರ ಅಲುಗಿರಲಿಲ್ಲ. ಮುಖ ಬೆಳಗಿಸಲು ಕುಳಿತವಳು ಒಂದು ಮುಖವನ್ನೇ ಒರೆಸಿಹಾಕಿದ್ದೆ.

ಆ ತಲೆಯನ್ನು ಮತ್ತೆ ತುಂಬಲು ಹನ್ನೊಂದು ದಿನ ಹಿಡಿಯಿತು. ಕಣ್ಣು ಎಲ್ಲಿ ಬರಬೇಕೆಂದು ಬಡಗಿಯನ್ನೇ ಕೇಳಿದೆ. ಅವನು ಊರಿಗೆ ಫೋನು ಮಾಡಿ, ತಮ್ಮ ಹಿಂಡಿನ ಫೋಟೊ ತರಿಸಿಕೊಟ್ಟ. ಕೊನೆಯ ರಿಪೋರ್ಟಿನಲ್ಲಿ ನಾನು “ಶುಚಿಗೊಳಿಸುವಾಗ ಆದ ಹಾನಿ” ಎಂದು ಬರೆದಿದ್ದನ್ನು ಮಾಲೀಕರು ಹೊಡೆದುಹಾಕಿ “ಹಳೆಯ ಸವಕಳಿ” ಎಂದು ತಿದ್ದಿದರು. ಐದು ಸ್ವಾಬುಗಳನ್ನೂ ಒಂದು ಬಾಟಲಿಯಲ್ಲಿ ಹಾಕಿ, ತಾರೀಖು ಬರೆದು, ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.