ಪಿ0299 ಬಂತು, ಟರ್ಬೊ ಬದಲಾಯಿಸಬೇಕಾ?

ಡೀಸೆಲ್ ಪಿಕಪ್ ಓಡಿಸುವವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಲೋಡ್ ಹಾಕಿಕೊಂಡು ಏರು ಹತ್ತುತ್ತಿದ್ದೆ. ಚೆಕ್ ಎಂಜಿನ್ ಲೈಟ್ ಬಂತು, ಗಾಡಿ ಎಳೆಯೋದೇ ಬಿಟ್ಟುಬಿಡ್ತು. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಹೋಯ್ತು. ಸ್ಕ್ಯಾನರ್ ಹಾಕಿದ್ರೆ ಪಿ0299 ಅಂತ ತೋರಿಸ್ತಿದೆ. ಟರ್ಬೊ ಹೋಗಿದೆ ಅಂತಾರೆ. ಬದಲಾಯಿಸಿಬಿಡಲಾ?"

ಈಗಲೇ ಬೇಡ. ಎಕ್ಸಾಸ್ಟ್ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಕೆಟ್ಟಿರಲೂಬಹುದು, ಆದರೆ ಕೋಡ್ ಹಾಗಂತ ಎಲ್ಲೂ ಹೇಳಿಲ್ಲ.

ಪಿ0299 ಹೇಳುವುದು ಇಷ್ಟು: ಎಂಜಿನ್ ಕಂಪ್ಯೂಟರ್ ಒಂದಿಷ್ಟು ಗಾಳಿ ಒತ್ತಡ ಬೇಕು ಅಂತ ಕೇಳಿತು, ಎಂಜಿನ್‌ಗೆ ಗಾಳಿ ಹೋಗುವ ಇನ್‌ಟೇಕ್‌ನಲ್ಲಿರುವ ಪ್ರೆಷರ್ ಸೆನ್ಸರ್ ಅದಕ್ಕಿಂತ ಕಡಿಮೆ ತೋರಿಸಿತು, ಸ್ವಲ್ಪ ಹೊತ್ತು ಹಾಗೇ ಇತ್ತು. ಗಾಳಿ ಎಲ್ಲಿ ಕಡಿಮೆ ಬಿತ್ತು ಅನ್ನುವುದು ಕಂಪ್ಯೂಟರ್‌ಗೆ ಗೊತ್ತಿಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡರೂ ಇದೇ ಕೋಡ್, ಹೋಸ್ ಸೀಳಿದರೂ ಇದೇ, ಎಕ್ಸಾಸ್ಟ್ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ನಿಂತರೂ ಇದೇ, ಸೈಲೆನ್ಸರ್ ಕಡೆ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ತುಂಬಿದರೂ ಇದೇ. ಈ ಪಟ್ಟಿಯಲ್ಲಿ ಟರ್ಬೊ ಕೂಡ ಇದೆ, ಅಷ್ಟೇ. ಬಿಚ್ಚುವುದಕ್ಕೆ ಅತಿ ಕಷ್ಟ, ಬೆಲೆಯೂ ಅತಿ ಜಾಸ್ತಿ ಇರುವ ಸಾಮಾನಿನಿಂದಲೇ ಶುರು ಮಾಡಬೇಕಾ?

ಕೋಡಿನ ಅಕ್ಷರಗಳ ಬಗ್ಗೆಯೂ ಒಂದು ಮಾತು. ಮೊದಲಿನ ಪಿ ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಕಡೆಯ ದೂರು. ಅದರ ಮುಂದೆ 0 ಇದ್ದರೆ ಎಲ್ಲ ಕಂಪನಿಗಳ ಗಾಡಿಯಲ್ಲೂ ಒಂದೇ ಅರ್ಥ. 1 ಇದ್ದರೆ ಆ ಕಂಪನಿಯದೇ ಸ್ವಂತ ಕೋಡ್, ಅದರ ಸರ್ವಿಸ್ ಪುಸ್ತಕ ನೋಡದೆ ಊಹೆ ಮಾಡಬಾರದು. ನಂತರದ 2 ಇಂಧನ ಮತ್ತು ಗಾಳಿಯ ಲೆಕ್ಕಕ್ಕೆ ಸೇರಿದ್ದು. ಸ್ಕ್ಯಾನರ್ ಪರದೆ ಮೇಲೆ ಇಂಗ್ಲಿಷ್‌ನಲ್ಲಿ ಟರ್ಬೊ ಅನ್ನುವ ಪದ ಕಾಣುತ್ತದೆ ನೋಡಿ, ಎಲ್ಲ ಗೊಂದಲ ಶುರುವಾಗುವುದು ಅಲ್ಲೇ.

ಪಿಕಪ್‌ನಲ್ಲಿ ಈ ಕೋಡ್ ಸಾಮಾನ್ಯವಾಗಿ ಲೋಡ್ ಇದ್ದಾಗಲೇ ಬರುತ್ತದೆ. ಖಾಲಿ ಗಾಡಿಯಲ್ಲಿ ನಿಧಾನಕ್ಕೆ ಹೋಗುವಾಗ ಕಂಪ್ಯೂಟರ್ ಹೆಚ್ಚು ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿ ಒತ್ತಡ, ಕೇಳುವುದೇ ಇಲ್ಲ. ಕೇಳದೇ ಇದ್ದಾಗ ಕೊರತೆ ಗೊತ್ತಾಗುವುದಾದರೂ ಹೇಗೆ? ಅದಕ್ಕೇ ಗ್ಯಾರೇಜ್ ಒಳಗೆ ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟು "ಎಲ್ಲ ಸರಿ ಇದೆ" ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಗಾಡಿ ಎಳೆಯುವುದು ಬಿಟ್ಟಿದ್ದು ಎಂಜಿನ್ ಉಳಿಸಿಕೊಳ್ಳಲು ಕಂಪ್ಯೂಟರೇ ಮಾಡಿದ ಕೆಲಸ. ಇದನ್ನು ಲಿಂಪ್ ಮೋಡ್ ಅನ್ನುತ್ತಾರೆ. ಎಷ್ಟೋ ಗಾಡಿಗಳಲ್ಲಿ ಕೀ ಆಫ್ ಮಾಡಿ ಆನ್ ಮಾಡಿದರೆ ಅದು ಹೋಗುತ್ತದೆ. ಹಾಗಂತ ತೊಂದರೆ ಹೋಗಿರುವುದಿಲ್ಲ.

ಸ್ಕ್ಯಾನರ್ ಹಾಕಿದ ತಕ್ಷಣ ಕೋಡ್ ಅಳಿಸುವ ಚಟ ಒಂದಿದೆ. ದಯವಿಟ್ಟು ಬೇಡ. ಕೋಡ್ ಜೊತೆ ಫ್ರೀಜ್ ಫ್ರೇಮ್ ಅಂತ ಒಂದು ದಾಖಲೆ ಕೂತಿರುತ್ತದೆ. ಲೈಟ್ ಬಂದ ಆ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಮೇಲೆ ಲೋಡ್ ಎಷ್ಟು, ವೇಗ ಎಷ್ಟು, ಕೂಲಂಟ್ ಎಷ್ಟು ಬಿಸಿ ಇತ್ತು, ಇವೆಲ್ಲ ಅದರಲ್ಲಿ ಇರುತ್ತವೆ. ಅಳಿಸಿದರೆ ಇದೂ ಹೋಗುತ್ತದೆ. ಮೊಬೈಲ್‌ನಲ್ಲಿ ಒಂದು ಫೋಟೊ ಹೊಡೆದಿಟ್ಟುಕೊಳ್ಳಿ. ಕಡಿಮೆ ಆರ್‌ಪಿಎಂನಲ್ಲಿ ದಮ್ಮಿಲ್ಲದೆ, ಮೇಲಕ್ಕೆ ಹೋದಂತೆ ಸರಿಯಾಗುವ ಗಾಡಿಯಾದರೆ ಟರ್ಬೊ ಒಳಗಿನ ಅಲುಗುಗಳನ್ನು ತಿರುಗಿಸುವ ಆಕ್ಚುಯೇಟರ್ ಮೇಲೆ ನನಗೆ ಮೊದಲ ಅನುಮಾನ. ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಉಸಿರು ಕಟ್ಟಿದರೆ ಏರ್ ಫಿಲ್ಟರ್, ಡಿಪಿಎಫ್ ಕಡೆ ನೋಡುತ್ತೇನೆ.

ಜೊತೆಗೆ ಬೇರೆ ಕೋಡ್ ಇದೆಯಾ ಅಂತಲೂ ನೋಡಿ. ಪಿ0087 ಇದ್ದರೆ ಡೀಸೆಲ್ ಒತ್ತಡವೇ ಕಡಿಮೆ ಅಂತ ಅರ್ಥ. ಡೀಸೆಲ್ ಸರಿಯಾಗಿ ಉರಿಯದಿದ್ದರೆ ಟರ್ಬೊ ತಿರುಗಿಸಲು ಬೇಕಾದಷ್ಟು ಎಕ್ಸಾಸ್ಟ್ ಬರುವುದಿಲ್ಲ. ಆಗ ಡೀಸೆಲ್ ಫಿಲ್ಟರ್‌ನಿಂದ ಶುರು ಮಾಡಬೇಕು, ಟರ್ಬೊ ಮುಟ್ಟುವುದೇ ಬೇಡ.

ಈಗ ಬಾನೆಟ್ ಎತ್ತಿ. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಇನ್‌ಟೇಕ್‌ಗೆ ಹೋಗುವ ದಪ್ಪ ರಬ್ಬರ್ ಹೋಸ್‌ಗಳೇ ನನ್ನ ಪ್ರಕಾರ ಮೊದಲು ನೋಡಬೇಕಾದವು. ಮೇಲಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತವೆ. ಸೀಳು ಇರುವುದು ಕೆಳಭಾಗದಲ್ಲಿ, ಇಲ್ಲವೇ ಕ್ಲಾಂಪ್ ಅಂಚಿನಲ್ಲಿ. ಎಂಜಿನ್ ತಣ್ಣಗಾದ ಮೇಲೆ ಹೋಸ್ ಸುತ್ತ ಕೈ ಹಾಕಿ ಬೆರಳಿನಲ್ಲಿ ಒತ್ತುತ್ತಾ ಹೋಗಿ. ಐಡಲ್‌ನಲ್ಲಿ ಮುಚ್ಚಿಕೊಂಡೇ ಇರುವ ಸೀಳು ಒತ್ತಿದಾಗ ಬಾಯಿ ಬಿಡುತ್ತದೆ. ಧೂಳು ಕೂತ ಎಂಜಿನ್‌ನಲ್ಲಿ ಒಂದೇ ಜಾಗದಲ್ಲಿ ಕಪ್ಪಗೆ, ಎಣ್ಣೆ ಎಣ್ಣೆಯಾಗಿ ಗೆರೆ ಬಿದ್ದಿದ್ದರೆ ಗಾಳಿ ಅಲ್ಲಿಂದ ಹೊರಗೆ ಚಿಮ್ಮುತ್ತಿದೆ. ಹೋಸ್ ಜಾರಿದ್ದರೆ ಪೈಪಿನ ಮೇಲೆ ಹಳೆಯ ಕ್ಲಾಂಪ್ ಇದ್ದ ಜಾಗದಲ್ಲಿ ಹೊಳೆಯುವ ಬಳೆಯೊಂದು ಕಾಣುತ್ತದೆ. ಹೋಸ್ ಒಳಗೆ ತೆಳ್ಳಗೆ ಎಣ್ಣೆ ಪಸೆ ಇದ್ದರೆ ಗಾಬರಿ ಬೇಡ. ಎಂಜಿನ್ ಕೆಳಭಾಗದ ಕ್ರಾಂಕ್‌ಕೇಸ್ ಉಸಿರಿನ ಜೊತೆ ಬರುವ ಎಣ್ಣೆ ಅದು, ಎಲ್ಲ ಡೀಸೆಲ್‌ನಲ್ಲೂ ಸ್ವಲ್ಪ ಇದ್ದೇ ಇರುತ್ತದೆ.

ಹೋಸ್ ಸೋರಿಕೆಗೆ ಇನ್ನೊಂದು ಗುರುತು ಕಪ್ಪು ಹೊಗೆ. ಏರ್ ಫಿಲ್ಟರ್ ಹತ್ತಿರದ ಸೆನ್ಸರ್ ಒಳಗೆ ಬಂದ ಗಾಳಿಯನ್ನು ಅಳೆದುಬಿಟ್ಟಿರುತ್ತದೆ. ಕಂಪ್ಯೂಟರ್ ಆ ಲೆಕ್ಕ ನಂಬಿ ಡೀಸೆಲ್ ಕೊಡುತ್ತದೆ. ದಾರಿಯಲ್ಲಿ ಗಾಳಿ ಸೋರಿಹೋಗಿರುತ್ತದೆ. ಡೀಸೆಲ್ ಜಾಸ್ತಿ, ಗಾಳಿ ಕಡಿಮೆ, ಹಿಂದೆ ಕಪ್ಪು ಹೊಗೆ. ಜೊತೆಗೆ ರೇಸ್ ಕೊಟ್ಟಾಗ ಬುಸ್ ಅನ್ನುವ ಸದ್ದು ಕೇಳಿದರೆ ಅನುಮಾನವೇ ಉಳಿಯುವುದಿಲ್ಲ.

ಹೋಸ್ ಸರಿ ಇದ್ದರೆ ಮುಂದೆ ಆಕ್ಚುಯೇಟರ್. ವ್ಯಾಕ್ಯೂಮ್‌ನಿಂದ ನಡೆಯುವ ಬಗೆಯದಾದರೆ ಅದಕ್ಕೆ ಪೆನ್ಸಿಲ್‌ಗಿಂತ ಸಣ್ಣ ರಬ್ಬರ್ ಕೊಳವೆಗಳು ಹೋಗಿರುತ್ತವೆ. ಬಿಸಿಗೆ ಬಿರುಕು ಬಿಡುತ್ತವೆ, ಇಲಿ ಕಡಿಯುತ್ತದೆ. ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪ್ ಸಿಕ್ಕರೆ ಆಕ್ಚುಯೇಟರ್‌ಗೆ ನೇರವಾಗಿ ಜೋಡಿಸಿ ಎಳೆದು ನೋಡಿ. ಕಡ್ಡಿ ಸಲೀಸಾಗಿ ಸರಿಯಬೇಕು, ಎಳೆದ ವ್ಯಾಕ್ಯೂಮ್ ಅಲ್ಲೇ ನಿಲ್ಲಬೇಕು. ಸರಿಯುತ್ತದೆ ಆದರೆ ನಿಲ್ಲುವುದಿಲ್ಲ ಅಂದರೆ ಒಳಗಿನ ಪೊರೆ ಹರಿದಿದೆ. ನಿಲ್ಲುತ್ತದೆ ಆದರೆ ಕಡ್ಡಿ ಅಲುಗುವುದೇ ಇಲ್ಲ ಅಂದರೆ ಅಲುಗುಗಳು ಮಸಿ ಹಿಡಿದು ಅಂಟಿಕೊಂಡಿರಬಹುದು.

ಸೆನ್ಸರ್ ಸುಳ್ಳು ಹೇಳುತ್ತಿದೆಯಾ ಅನ್ನುವುದನ್ನು ನೋಡುವುದು ಬಹಳ ಸುಲಭ, ಆದರೂ ಯಾರೂ ನೋಡುವುದಿಲ್ಲ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಇನ್‌ಟೇಕ್ ಒತ್ತಡ ಓದಿ. ಎಂಜಿನ್ ನಿಂತಿರುವಾಗ ಒಳಗಿರುವುದು ಹೊರಗಿನ ಗಾಳಿಯೇ ತಾನೆ? ಸಮುದ್ರ ಮಟ್ಟದಲ್ಲಿ ಸುಮಾರು 100 ಕಿಲೋಪಾಸ್ಕಲ್ ಇರಬೇಕು, ಎತ್ತರದ ಜಾಗದಲ್ಲಿ 90ರ ಆಸುಪಾಸು ಇದ್ದರೂ ಸರಿಯೇ. ಅದರ ಪಕ್ಕ ಹೊರಗಿನ ಗಾಳಿ ಒತ್ತಡವೂ ತೋರಿಸುತ್ತಿದ್ದರೆ ಎರಡೂ ಹೊಂದಬೇಕು. ಹೊಂದದಿದ್ದರೆ ಸೆನ್ಸರ್ ಬಿಚ್ಚಿ ನೋಡಿ, ತುದಿಗೆ ಮಸಿ ಮೆತ್ತಿಕೊಂಡಿರಬಹುದು. ಸಾದಾ ಸ್ಕ್ಯಾನರ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ: ಒಬಿಡಿಯ, ಅಂದರೆ ಗಾಡಿಯ ಸ್ವಂತ ತಪಾಸಣೆ ವ್ಯವಸ್ಥೆಯ, ಮಾಮೂಲಿ ಇನ್‌ಟೇಕ್ ಒತ್ತಡದ ಸಂಖ್ಯೆ 255 ಕಿಲೋಪಾಸ್ಕಲ್‌ಗಿಂತ ಮೇಲೆ ಹೋಗುವುದೇ ಇಲ್ಲ. ಅಲ್ಲಿ ನಿಂತರೆ ಬೂಸ್ಟ್ ನಿಂತಿತು ಅಂದುಕೊಳ್ಳಬೇಡಿ.

ಇಷ್ಟೆಲ್ಲ ಸರಿ ಇದ್ದ ಮೇಲೆ ಟರ್ಬೊ ಕಡೆ ಬನ್ನಿ. ಇನ್‌ಟೇಕ್ ಪೈಪ್ ಬಿಚ್ಚಿ, ಎಂಜಿನ್ ಪೂರ್ತಿ ನಿಂತಿರುವಾಗ, ಟರ್ಬೊ ಬಾಯಲ್ಲಿ ಕಾಣುವ ರೆಕ್ಕೆ ಚಕ್ರದ ನಟ್ಟು ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕಕ್ಕೆ ಚೂರು ಆಟ ಇರುವುದು ಸಹಜ. ಹಿಂದೆ ಮುಂದೆ ಎಳೆದಾಗ ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ, ರೆಕ್ಕೆಗಳು ಗೋಡೆಗೆ ಉಜ್ಜಿದ ಗುರುತು ಇದ್ದರೆ, ಅದರ ಆಯಸ್ಸು ಮುಗಿದಿದೆ. ಆಗ ಬದಲಾಯಿಸಿ. ಆದರೆ ಅದಕ್ಕೆ ಎಣ್ಣೆ ಕೊಡುವ ಪೈಪು ಕಟ್ಟಿಕೊಂಡಿದೆಯಾ ಅಂತ ನೋಡದೆ ಹೊಸದನ್ನು ಕೂರಿಸಬೇಡಿ. ಎಣ್ಣೆ ಬರದೇ ಹಳೆಯದು ಸತ್ತಿದ್ದರೆ ಹೊಸದಕ್ಕೂ ಅದೇ ಗತಿ.

ಅಲ್ಲಿಯವರೆಗೆ ಗಾಡಿ ಓಡಿಸಬಹುದಾ? ಲೋಡ್ ಇಳಿಸಿ, ಆಕ್ಸಿಲರೇಟರ್ ಒತ್ತದೆ ಗ್ಯಾರೇಜ್‌ವರೆಗೆ ಹೋಗಬಹುದು. ನೀಲಿ ಹೊಗೆ ದಂಡಿಯಾಗಿ ಬರುತ್ತಿದ್ದರೆ, ಲೋಹ ಉಜ್ಜುವ ಸದ್ದಿದ್ದರೆ ಅಲ್ಲೇ ನಿಲ್ಲಿಸಿ. ಟರ್ಬೊ ಸೀಲ್ ಒಡೆದು ಎಂಜಿನ್ ತನ್ನ ಎಣ್ಣೆಯನ್ನೇ ಉರಿಸಿಕೊಂಡು ಓಡತೊಡಗಿದರೆ ಕೀ ತೆಗೆದರೂ ನಿಲ್ಲುವುದಿಲ್ಲ.

ರಿಪೇರಿ ಆದ ಮೇಲೆ ಕೋಡ್ ಅಳಿಸಿ, ಮೊದಲು ಹೊಡೆದಿಟ್ಟಿದ್ದ ಫ್ರೀಜ್ ಫ್ರೇಮ್ ಫೋಟೊ ಮತ್ತೆ ನೋಡಿ. ಅದರಲ್ಲಿದ್ದ ಆರ್‌ಪಿಎಂ, ಅದೇ ಗೇರ್, ಅದೇ ಥರದ ಏರು, ಹಿಂದೆ ಲೋಡ್, ಹೀಗೆ ಓಡಿಸಿ ನೋಡಿ. ಪಕ್ಕದಲ್ಲಿ ಕೂತವರ ಕೈಗೆ ಸ್ಕ್ಯಾನರ್ ಕೊಡಿ, ನೀವು ರಸ್ತೆ ನೋಡಿ. ಕಂಪ್ಯೂಟರ್ ಕೇಳಿದ ಒತ್ತಡ, ಸಿಕ್ಕ ಒತ್ತಡ, ಎರಡೂ ಸಂಖ್ಯೆ ಹತ್ತಿರ ಹತ್ತಿರವೇ ಏರುತ್ತಾ ಹೋದರೆ ಗಾಡಿಯನ್ನು ಮತ್ತೆ ಬಾಡಿಗೆಗೆ ಬಿಡಬಹುದು.