ಸಂಬಳ ನನ್ನ ಕೈಯಲ್ಲಿಲ್ಲ, ಆದರೆ ಮೆಚ್ಚುಗೆ ಇದೆ

ನಾನು ಒಂದು ಗೋದಾಮಿನಲ್ಲಿ ಶಿಫ್ಟ್ ಇನ್‌ಚಾರ್ಜ್. ಪ್ಯಾಕಿಂಗ್, ಲೇಬಲ್, ಡಿಸ್‌ಪ್ಯಾಚ್, ವಾಪಸ್ ಬಂದ ಮಾಲು, ಎಲ್ಲವೂ ನಮ್ಮ ತಂಡದ ಪಾಲಿಗೆ. ಯಾರಿಗೆ ಎಷ್ಟು ಸಂಬಳ, ಎಷ್ಟು ಬೋನಸ್ ಅನ್ನೋದನ್ನು ಮೇಲಿನವರು ತೀರ್ಮಾನಿಸುತ್ತಾರೆ. ನನ್ನ ಕೈಯಲ್ಲಿ ಉಳಿಯುವುದು ಬೇರೆ: ಯಾರಿಗೆ ಯಾವ ಕೆಲಸ ಕೊಡಬೇಕು, ಯಾರಿಗೆ ಯಾವ ದಿನ ಆಫ್ ಕೊಡಬೇಕು, ಯಾರ ಕೆಲಸವನ್ನು ಯಾರೆದುರು ಹೇಳಬೇಕು. ಇಷ್ಟರಲ್ಲೇ ಜನರಲ್ಲಿ ಹುರುಪು ತುಂಬಬಹುದಾ? ತುಂಬಬಹುದು. ಕಣ್ಣಾರೆ ನೋಡಿದ್ದೇನೆ.

ಆದರೆ ಮೊದಲು ಒಂದು ಮಾತು. ಸಂಬಳ ಸರಿಯಾಗಿರಬೇಕು, ಹೇಳಿದ ದಿನಕ್ಕೆ ಬರಬೇಕು. ಓಟಿ ಮಾಡಿಸಿಕೊಂಡರೆ ಓಟಿ ದುಡ್ಡು ಕೊಡಬೇಕು. ನಾನು ಹಿಂದೆ ಇದ್ದ ಒಂದು ಕಡೆ ಓಟಿ ಬಾಕಿ ಇಟ್ಟುಕೊಂಡೇ ಸರ್ಟಿಫಿಕೇಟ್ ಹಂಚಿದರು. ಸುಮಾರು ಜನ ಅದನ್ನು ಟೇಬಲ್ ಮೇಲೇ ಬಿಟ್ಟು ಮನೆಗೆ ಹೋದರು. ಅವರು ಮಾಡಿದ್ದು ಸರಿ ಅಂತ ಈಗಲೂ ಅನ್ನಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಸಂಬಳ, ಕೆಲಸದ ಜಾಗ, ಕಂಪನಿಯ ನಿಯಮ ಇವು ಕೆಟ್ಟಿದ್ದರೆ ಜನ ಬೇಸತ್ತು ಹೋಗುತ್ತಾರೆ. ಸರಿಯಿದ್ದರೆ ಬೇಸರ ಹೋಗುತ್ತದೆ, ಅಷ್ಟೇ. ಹುರುಪು ಬರುವುದು ಬೇರೆ ಕಡೆಯಿಂದ: ಏನೋ ಸಾಧಿಸಿದೆ ಅನ್ನುವ ಖುಷಿ, ಅದನ್ನು ಯಾರೋ ಗುರುತಿಸುವುದು, ಹೊಸ ಜವಾಬ್ದಾರಿ. ಹಾಗಾಗಿ ದುಡ್ಡು ಉಳಿಸೋಣ ಅಂತ ಮೆಚ್ಚುಗೆ ಕೊಡಲು ಹೊರಟರೆ ಮೊದಲ ದಿನವೇ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಜರ್ಮನಿಯ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ನಡೆದ ಪ್ರಯೋಗ ನನಗೆ ತುಂಬಾ ಇಷ್ಟ. ಇದನ್ನು 2012ರಲ್ಲಿ ಕ್ಯೂಬೆ, ಮರೆಷಾಲ್, ಪುಪ್ಪೆ ಎಂಬ ಅರ್ಥಶಾಸ್ತ್ರಜ್ಞರು ಪ್ರಕಟಿಸಿದರು. ಪುಸ್ತಕಗಳ ವಿವರ ಕಂಪ್ಯೂಟರಿಗೆ ಹಾಕಲು ವಿದ್ಯಾರ್ಥಿಗಳನ್ನು ಕೆಲವು ಗಂಟೆಗಳ ಮಟ್ಟಿಗೆ ಕರೆದಿದ್ದರು. ಒಂದು ಗುಂಪಿಗೆ ಒಪ್ಪಿದ ಕೂಲಿಯ ಜೊತೆಗೆ 7 ಯೂರೋ ಹೆಚ್ಚಿಗೆ ಕೊಟ್ಟರು. ಇನ್ನೊಂದು ಗುಂಪಿಗೆ ಅಷ್ಟೇ ಬೆಲೆಯ ಥರ್ಮಾಸ್ ಬಾಟಲಿಯನ್ನು ಚೆಂದಕ್ಕೆ ಸುತ್ತಿ ಕೊಟ್ಟರು. ದುಡ್ಡು ಸಿಕ್ಕವರ ಕೆಲಸ ಸುಮಾರು ಶೇ. 5ರಷ್ಟು ಹೆಚ್ಚಿತು, ಬಾಟಲಿ ಸಿಕ್ಕವರದ್ದು ಸುಮಾರು ಶೇ. 25ರಷ್ಟು. ಇಷ್ಟು ಕೇಳಿದರೆ ‘ಓಹೋ, ಉಡುಗೊರೆಯೇ ಮೇಲು’ ಅನ್ನಿಸುತ್ತೆ, ಅಲ್ವಾ? ಮುಂದೆ ಇನ್ನೊಂದು ಗುಂಪಿಗೆ ದುಡ್ಡನ್ನೇ ಕೊಟ್ಟರು, ಆದರೆ ಕಾಗದದ ಆಟಿಕೆಯ ಹಾಗೆ ಮಡಚಿ ಕೊಟ್ಟರು. ಅವರ ಕೆಲಸವೂ ಬಾಟಲಿ ಸಿಕ್ಕವರ ಹಾಗೇ ಜೋರಾಗಿ ಏರಿತು. ಅಂದರೆ ಜನ ನೋಡಿದ್ದು ವಸ್ತುವನ್ನಲ್ಲ. ‘ನನಗೋಸ್ಕರ ಒಬ್ಬರು ಕೂತು ಇಷ್ಟು ಮಾಡಿದ್ದಾರಲ್ಲ’ ಅನ್ನುವುದನ್ನು.

ಅದು ಕೆಲವೇ ಗಂಟೆಗಳ ಕೆಲಸ, ನಮ್ಮದು ವರ್ಷಗಟ್ಟಲೆಯದ್ದು. ಆದರೂ ವಿಷಯ ಅದೇ.

ನಮ್ಮಲ್ಲಿ ವಾಪಸ್ ಮಾಲಿನ ಟೇಬಲ್ ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳು ಇದ್ದಾರೆ. ಮಾತು ಕಡಿಮೆ. ಒಂದೇ ಮಾಲು, ಎರಡು ಸೈಜು. ಎರಡರ ಡಬ್ಬಿಯೂ ಒಂದೇ ಥರ, ಪಕ್ಕಪಕ್ಕದ ರ‍್ಯಾಕಿನಲ್ಲಿ. ದೊಡ್ಡದು ಹೋಗಬೇಕಾದ ಕಡೆ ಚಿಕ್ಕದು ಹೋಗುತ್ತಿತ್ತು, ಮತ್ತೆ ವಾಪಸ್ ಬರುತ್ತಿತ್ತು. ಇವರು ಯಾರಿಗೂ ಹೇಳದೆ ದೊಡ್ಡ ಸೈಜಿನ ರ‍್ಯಾಕಿನ ಅಂಚಿಗೆ ಕೆಂಪು ಟೇಪ್ ಅಂಟಿಸಿ, ಚಿಕ್ಕದನ್ನು ಎರಡು ಸಾಲು ಕೆಳಗೆ ಇಳಿಸಿದರು. ತಪ್ಪು ಪಾರ್ಸೆಲ್ ಬರುವುದು ನಿಂತೇಹೋಯಿತು. ವಾಪಸ್ ಟೇಬಲ್ ಖಾಲಿ ಇದ್ದದ್ದು ನೋಡಿ ನಾನು ಕಾರಣ ಹುಡುಕಿಕೊಂಡು ಹೋದಾಗಲೇ ಇದು ಗೊತ್ತಾಗಿದ್ದು.

ಸುಮ್ನೆ ‘ಚೆನ್ನಾಗಿ ಮಾಡ್ತಿದ್ದೀರಿ’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಹ್ಯಾಂಡೋವರ್ ಹೊತ್ತಿನಲ್ಲಿ, ಎರಡೂ ಶಿಫ್ಟಿನವರು ನಿಂತಿರುವಾಗ, ಏನಾಗುತ್ತಿತ್ತು, ಇವರು ಏನು ಮಾಡಿದರು, ಅದರಿಂದ ಯಾರ ಕೆಲಸ ಎಷ್ಟು ಹಗುರಾಯಿತು ಅಂತ ಒಂದೊಂದಾಗಿ ಹೇಳಿದೆ. ಮ್ಯಾನೇಜರನ್ನು ರ‍್ಯಾಕಿನ ಹತ್ತಿರಕ್ಕೇ ಕರೆದುಕೊಂಡು ಬಂದೆ. ಅವರು ಕೇಳಿದರು, “ಇದೇ ಥರ ಗೊಂದಲ ಆಗೋ ಜಾಗ ಇನ್ನೆಲ್ಲಿದೆ, ಮೇಡಂ?” ಆಕೆ ತಡಮಾಡಲಿಲ್ಲ. “ಬನ್ನಿ ಸರ್, ತೋರಿಸ್ತೀನಿ” ಅಂತ ಮುಂದೆ ನಡೆದರು. ಆಮೇಲೆ ರ‍್ಯಾಕ್ ಜೋಡಣೆ ಬದಲಿಸುವ ಮುಂಚೆ ಅವರನ್ನು ಕೇಳಿಯೇ ಬದಲಿಸುವುದು ಅಂತ ಆಯಿತು. ಇದಕ್ಕಾಗಿ ಶಿಫ್ಟಿನಲ್ಲೇ ಅವರಿಗೆ ಬೇರೆ ಸಮಯವನ್ನೂ ಬಿಟ್ಟುಕೊಟ್ಟೆವು. ಹಳೆಯ ಕೆಲಸದ ಮೇಲೆ ಹೊಸ ಹೊರೆ ಹೇರಿ ಅದನ್ನೇ ಬಹುಮಾನ ಅನ್ನಬಾರದು.

ಎಲ್ಲರಿಗೂ ಇದೇ ಹಿಡಿಸುತ್ತದೆ ಅಂತಲ್ಲ. ಹತ್ತು ಜನರ ಮುಂದೆ ಹೆಸರು ಕರೆದರೆ ಬೆವರುವವರಿದ್ದಾರೆ. ಅಂಥವರನ್ನು ಪಕ್ಕಕ್ಕೆ ಕರೆದು ಹೇಳಿದರೆ ಸಾಕು, ಇಲ್ಲವೇ ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಇನ್ನೂ ಒಳ್ಳೆಯದು. ಯಾರಿಗೆ ಏನು ಇಷ್ಟ ಅಂತ ಊಹಿಸುವ ಬದಲು ನಾನು ನೇರವಾಗಿ ಕೇಳಿಬಿಡುತ್ತೇನೆ. ಫೋರ್ಕ್‌ಲಿಫ್ಟ್ ಓಡಿಸಲು ಕಲಿಯಬೇಕು ಅಂದವರಿದ್ದಾರೆ. ರಾತ್ರಿ ಶಿಫ್ಟ್ ಯಾವ ವಾರ ಬರುತ್ತದೆ ಅಂತ ತಿಂಗಳ ಮುಂಚೆ ಹೇಳಿಬಿಡಿ, ಬೇರೇನೂ ಬೇಡ ಅಂದವರೂ ಇದ್ದಾರೆ.

‘ತಿಂಗಳ ಉತ್ತಮ ನೌಕರ’ ಬೋರ್ಡ್ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಕಣ್ಣಿಗೆ ಬೀಳುವ ಕೆಲಸ ಮಾಡುವವರೇ ಅದರಲ್ಲಿ ಬರುತ್ತಾರೆ. ರಾತ್ರಿ ಪಾಳಿಯವರು ಬರುವುದು ಅಪರೂಪ. ಮೂರು ತಿಂಗಳಲ್ಲಿ ಅದು ಸರದಿಯಾಗಿ ಹೋಗುತ್ತದೆ. ಹಾಜರಿ ಬಹುಮಾನವೂ ಅಷ್ಟೇ. ಅಮೆರಿಕದ ಒಂದು ಲಾಂಡ್ರಿ ಕಂಪನಿಯ ಘಟಕದಲ್ಲಿ ಹಾಜರಿಗೆ ಬಹುಮಾನ ಇಟ್ಟಾಗ ಏನಾಯಿತು ಅನ್ನುವ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಬಹುಮಾನದ ಆಸೆ ಇರುವ ತನಕ ಕೆಲವರು ಹೊತ್ತಿಗೆ ಸರಿಯಾಗಿ ಬಂದರು. ಮೊದಲಿನಿಂದಲೂ ನಿಯತ್ತಾಗಿ ಬರುತ್ತಿದ್ದವರ ಕೆಲಸದ ವೇಗ ಮಾತ್ರ ಕುಸಿಯಿತು. ತಾವು ಬಹುಮಾನವಿಲ್ಲದೆ ಮಾಡುತ್ತಿದ್ದುದನ್ನೇ ಬೇರೆಯವರು ನಾಲ್ಕು ದಿನ ಮಾಡಿ ಬಹುಮಾನ ತೆಗೆದುಕೊಂಡರೆ ಯಾರಿಗೆ ತಾನೇ ನೋವಾಗುವುದಿಲ್ಲ?

ರಜೆಯ ವಿಷಯ ಸ್ವಲ್ಪ ಸೂಕ್ಷ್ಮ. ನಮ್ಮ ತಂಡದಲ್ಲಿ ದುಡ್ಡು ಬಿಟ್ಟರೆ ಜನ ಅತಿ ಹೆಚ್ಚು ಕೇಳುವುದು ಇದನ್ನೇ. ಪೀಕ್ ಸೀಸನ್ನಿನಲ್ಲಿ ಹೆಗಲು ಕೊಟ್ಟವರಿಗೆ ಅವರು ಹೇಳಿದ ದಿನ ಸಂಬಳ ಸಹಿತ ಆಫ್ ಕೊಟ್ಟರೆ ಅವರ ಮುಖವೇ ಹೇಳುತ್ತದೆ. ಆದರೆ ಆಫ್ ಕೊಟ್ಟು, ನಡುವೆ ‘ಆ ಸ್ಕ್ಯಾನರ್ ಎಲ್ಲಿಟ್ಟಿದ್ದೀರಿ’ ಅಂತ ಫೋನ್ ಮಾಡಿದರೆ ಅದು ಆಫ್ ಅಲ್ಲ. ಅವರ ಕೆಲಸವನ್ನು ಪಕ್ಕದವರ ತಲೆಗೆ ಕಟ್ಟಿದರೆ ಒಬ್ಬರನ್ನು ಖುಷಿಪಡಿಸಿ ಇಬ್ಬರನ್ನು ಮುನಿಸಿಕೊಳ್ಳುವಂತೆ ಮಾಡಿದ ಹಾಗೆ. ಬದಲಿ ವ್ಯವಸ್ಥೆ ಆದ ಮೇಲೇ ನಾನು ದಿನ ಹೇಳುವುದು.

ಈ ಸಲ ಮ್ಯಾನೇಜರ್ ಬಹುಮಾನದ ಬಜೆಟ್ ಕೇಳಿದಾಗ ನಾನು ಬ್ಯಾಗು, ಬಾಟಲಿ, ಟೀ ಶರ್ಟ್ ಯಾವುದನ್ನೂ ಬರೆಯಲಿಲ್ಲ. ರೋಸ್ಟರಿನಲ್ಲಿ ಒಬ್ಬರು ಹೆಚ್ಚುವರಿ ಬೇಕು ಅಂತ ಬರೆದೆ. ಎಲ್ಲ ಟೇಬಲ್ಲಿನ ಕೆಲಸ ಗೊತ್ತಿರುವ ಒಬ್ಬರು ಇದ್ದರೆ ಯಾರು ಕೇಳಿದರೂ ಧೈರ್ಯವಾಗಿ ಆಫ್ ಕೊಡಬಹುದು, ಕಲಿಯಬೇಕು ಅಂದವರನ್ನು ಫೋರ್ಕ್‌ಲಿಫ್ಟ್ ತರಬೇತಿಗೂ ಕಳಿಸಬಹುದು. ಲೆಕ್ಕ ಕೇಳಿದ್ದಾರೆ, ಈ ವಾರ ಕೊಡುತ್ತಿದ್ದೇನೆ.