ಲೂಟಿಯ ಸುದ್ದಿಗೆ ನಿಂತುಹೋದ ದೋಣಿಗಳು

ಆಗಸ್ಟ್ 29, 2025, ಶುಕ್ರವಾರ
ಹ್ಯೂಸ್ಟನ್

ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿಗೆ ಕಟ್ರೀನಾ ಚಂಡಮಾರುತ ಬಡಿದು ಇವತ್ತಿಗೆ ಇಪ್ಪತ್ತು ವರ್ಷ. ಬೆಳಿಗ್ಗೆಯಿಂದ ಟೀವಿಯಲ್ಲಿ ಅದೇ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಹಳೇ ವಿಡಿಯೋ ಹಾಕಿದರು. ಎದೆಮಟ್ಟದ ನೀರಿನಲ್ಲಿ ಒಬ್ಬ ಹುಡುಗ ಅಂಗಡಿ ಸಾಮಾನು ಹೊತ್ತುಕೊಂಡು ಹೋಗುತ್ತಿದ್ದಾನೆ. "ಊರು ಮುಳುಗಿದ್ರೂ ಕದಿಯೋದು ಬಿಡ್ಲಿಲ್ಲ ನೋಡಿ" ಅಂತ ಒಬ್ಬರು. ಅದಕ್ಕೆ ಹತ್ತು ಜನ ಹೌದು ಹೌದು ಅಂದರು. ಆಗ ಇಲ್ಲಿರದವರು, ಆಗಿನ್ನೂ ಪ್ರೈಮರಿ ಸ್ಕೂಲಲ್ಲಿದ್ದವರೂ ಸೇರಿ! ಓದಿ ಹೊಟ್ಟೆ ಉರಿಯಿತು. ಅಲ್ಲೇ ಎರಡು ಸಾಲಿನಲ್ಲಿ ಉತ್ತರ ಕೊಡುವ ವಿಷಯ ಇದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನ್ಯೂ ಆರ್ಲಿಯನ್ಸ್‌ನಲ್ಲಿ ಲೂಟಿ ಆಯಿತು, ಇಲ್ಲ ಅನ್ನುವುದಿಲ್ಲ. ಕೆನಾಲ್ ಸ್ಟ್ರೀಟಿನ ಅಂಗಡಿಗಳ ಷಟರ್ ಮುರಿದರು. ಟೀವಿ, ಶೂ, ಬಂದೂಕು ಎಲ್ಲ ಹೋಯಿತು. ಒಂದು ವಾಲ್‌ಮಾರ್ಟಿನಲ್ಲಿ ಪೊಲೀಸರೇ ಸಾಮಾನು ಎತ್ತಿಕೊಳ್ಳುತ್ತಿದ್ದದ್ದು ಟೀವಿ ಕ್ಯಾಮೆರಾಕ್ಕೆ ಸಿಕ್ಕಿತು. ಆದರೆ ಆ ಊರಲ್ಲಿ ಅವತ್ತು ಇದ್ದ ಪರಿಸ್ಥಿತಿ ಏನು? ಒಡ್ಡುಗಳು ಒಡೆದು ಊರಿನ ಶೇ. 80ರಷ್ಟು ಭಾಗ ನೀರಿನಲ್ಲಿತ್ತು. ಊರು ಬಿಡಿ ಅಂತ ಆದೇಶ ಬಂದಾಗ ಕಾರಿಲ್ಲದವರು ಎಲ್ಲಿಗೆ ಹೋಗಬೇಕಿತ್ತು? ಕರೆಂಟಿಲ್ಲ, ಕುಡಿಯುವ ನೀರಿಲ್ಲ, ಆಗಸ್ಟಿನ ಸೆಖೆ ಬೇರೆ. ಅಂಗಡಿಯವನೂ ಇಲ್ಲ. ಮಗುವಿಗೆ ಹಾಲಿನ ಪುಡಿ ತಂದವರನ್ನೂ ಟೀವಿ ಹೊತ್ತವರನ್ನೂ ಒಂದೇ ಕಣ್ಣಲ್ಲಿ ನೋಡಿದ್ದು ನ್ಯಾಯವಾ?

ನನಗೆ ಇವತ್ತಿಗೂ ಸಿಟ್ಟು ಬರುವುದು ಆಗಸ್ಟ್ 31, ಬುಧವಾರದ ವಿಷಯಕ್ಕೆ. ಒಡ್ಡು ಒಡೆದು ಎರಡೇ ದಿನ ಆಗಿತ್ತು. ಜನ ಇನ್ನೂ ಅಟ್ಟದಲ್ಲಿ, ಮನೆ ಮಾಡಿನ ಮೇಲೆ ಕೂತಿದ್ದರು. ಒಳಗಿಂದ ಕೊಡಲಿಯಲ್ಲಿ ಮಾಡು ಒಡೆದು ಹೊರಗೆ ಬಂದವರಿದ್ದರು. ಅಂಥ ಹೊತ್ತಲ್ಲಿ ಮೇಯರ್ ರೇ ನೇಗಿನ್ ಸುಮಾರು 1,500 ಪೊಲೀಸರಿಗೆ, ಜನರನ್ನು ಹುಡುಕುವ ಕೆಲಸ ಬಿಟ್ಟು ಲೂಟಿ ತಡೆಯಲು ಹೋಗಿ ಅಂತ ಆದೇಶ ಕೊಟ್ಟರು. ಅಂಗಡಿ ಕಾಯಲು ಜನ ಸಿಕ್ಕರು, ಅಟ್ಟದಲ್ಲಿ ಸಿಕ್ಕಿಬಿದ್ದ ಅಜ್ಜಿಗೆ ಸಿಗಲಿಲ್ಲ. ಮಾರನೇ ದಿನ, ಸಾವಿರಾರು ಜನ ಆಶ್ರಯ ಪಡೆದಿದ್ದ ಸೂಪರ್‌ಡೋಮ್ ಸ್ಟೇಡಿಯಂ ಹತ್ತಿರ ಹೆಲಿಕಾಪ್ಟರಿಗೆ ಗುಂಡು ಹೊಡೆದರು ಅನ್ನುವ ಸುದ್ದಿಗೆ ರೋಗಿಗಳ ಸಾಗಣೆಯೂ ನಿಂತಿತು. ಆ ಸುದ್ದಿಗೆ ಗಟ್ಟಿ ಸಾಕ್ಷಿ ಕೊನೆಗೂ ಸಿಗಲಿಲ್ಲ.

ಆ ಊರಿರುವ ಲೂಯಿಸಿಯಾನಾ ರಾಜ್ಯದ ಗವರ್ನರ್ ಕ್ಯಾಥ್ಲೀನ್ ಬ್ಲಾಂಕೊ, ಇರಾಕಿನಿಂದ ಆಗತಾನೇ ವಾಪಸ್ ಬಂದ ಸೈನಿಕರು ಗುಂಡು ತುಂಬಿದ ಬಂದೂಕು ಹಿಡಿದು ಬರುತ್ತಿದ್ದಾರೆ, ಬೇಕಾದರೆ ಕೊಲ್ಲುತ್ತಾರೆ ಅಂದರು. ಪೊಲೀಸ್ ಮುಖ್ಯಸ್ಥ ಎಡ್ಡಿ ಕಂಪಾಸ್ ಟೀವಿಗೆ ಬಂದು ಸೂಪರ್‌ಡೋಮಿನೊಳಗೆ ಎಳೆಕೂಸುಗಳ ಮೇಲೂ ಅತ್ಯಾಚಾರ ಆಗಿತ್ತು ಅಂದರು. ಇಂಥ ಮಾತು ಹಬ್ಬುತ್ತಿರುವಾಗ ಯಾವ ಬಸ್ ಡ್ರೈವರ್ ಒಳಗೆ ಹೋಗುತ್ತಾನೆ ಹೇಳಿ?

ಸೆಪ್ಟೆಂಬರ್ 26ರಂದು ಅಲ್ಲಿನ ಪತ್ರಿಕೆ ಟೈಮ್ಸ್-ಪಿಕಯೂನ್ ಇದನ್ನೆಲ್ಲ ಕೆದಕಿ ಬರೆಯಿತು. ನೂರಾರು ಹೆಣ ಬಿದ್ದಿವೆ ಅಂದುಕೊಂಡಿದ್ದ ಸೂಪರ್‌ಡೋಮಿನಲ್ಲಿ ಸತ್ತವರು ಆರು ಜನ. ನಾಲ್ವರದು ಸಹಜ ಸಾವು, ಒಬ್ಬರದು ಡ್ರಗ್ಸ್ ಜಾಸ್ತಿಯಾಗಿ, ಇನ್ನೊಬ್ಬರದು ಆತ್ಮಹತ್ಯೆ. ಅಲ್ಲಿ ಒಂದು ಕೊಲೆಯೂ ಆಗಿರಲಿಲ್ಲ. ಮರುದಿನವೇ ಕಂಪಾಸ್ ರಾಜೀನಾಮೆ ಘೋಷಿಸಿದರು. ಆದರೆ ಮೊದಲ ಸುದ್ದಿ ಕೇಳಿದವರಲ್ಲಿ ಎಷ್ಟು ಜನ ಈ ಎರಡನೇ ಸುದ್ದಿ ಓದಿದರು?

ಮೊದಲನೆಯದಂತೂ ಹಾಸನದವರೆಗೂ ಹೋಗಿತ್ತು. ಅಮ್ಮ ಫೋನ್ ಮಾಡಿ, "ಆ ಜನರನ್ನ ನಿಮ್ಮೂರಿಗೇ ಕರ್ಕೊಂಡು ಬರ್ತಿದಾರಂತಲ್ಲ ಪುಟ್ಟಿ, ಬಾಗಿಲು ಭದ್ರ ಮಾಡ್ಕೋ" ಅಂದಿದ್ದರು. ಆ ಜನ ಇಲ್ಲಿನ ಆಸ್ಟ್ರೋಡೋಮ್ ಸ್ಟೇಡಿಯಂಗೆ ಬಸ್ಸುಗಳಲ್ಲಿ ಬಂದಿಳಿದರು. ಸಾವಿರಾರು ಮಡಚುವ ಮಂಚ, ಸಾಲು ಸಾಲು. ಕನ್ನಡದ ಕೆಲವು ಗೆಳತಿಯರ ಜೊತೆ ನಾನೂ ಊಟ ಬಡಿಸಲು ಹೋಗಿದ್ದೆ.

ಅಲ್ಲಿ ಒಬ್ಬ ಅಜ್ಜಿಯ ಪರಿಚಯ ಆಯಿತು. ನ್ಯೂ ಆರ್ಲಿಯನ್ಸ್ ಕನ್ವೆನ್ಷನ್ ಸೆಂಟರಿನಲ್ಲಿ ಮೊಮ್ಮಗಳ ಜೊತೆ ದಿನಗಟ್ಟಲೆ ಕಾದು ಬಂದವರು. ಸೊಂಟದ ಕೆಳಗೆ ಪ್ಯಾಂಟು ಜಾರಿಸಿಕೊಂಡು ತಿರುಗುವ ಹುಡುಗರು ಮುಚ್ಚಿದ ಅಂಗಡಿಗಳ ಬಾಗಿಲು ಒಡೆದು ನೀರು, ಜ್ಯೂಸ್ ತಂದರಂತೆ. ಮೊದಲು ಮಕ್ಕಳಿಗೆ, ಆಮೇಲೆ ವಯಸ್ಸಾದವರಿಗೆ ಹಂಚಿದರಂತೆ. "ಬೇರೆ ದಿನ ಅವರನ್ನ ಕಂಡ್ರೆ ನಾನು ರಸ್ತೆ ದಾಟಿ ಆಚೆ ಹೋಗ್ತಿದ್ದೆ" ಅಂದರು. ಆಮೇಲೆ ಕೈಚೀಲದಿಂದ ಒಂದು ಕಾಗದ ತೆಗೆದು ತೋರಿಸಿದರು. ಚರ್ಚಿನ ಪ್ರಾರ್ಥನೆಯ ಹಾಳೆ. ಅದರ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ: ಬ್ರೆಡ್ಡು, ಡಯಾಪರ್, ನೀರಿನ ಬಾಟಲಿ, ಸಕ್ಕರೆ ಕಾಯಿಲೆಗೆ ಬೇಕಾದ ಸೂಜಿ. ಮನೆ ಹತ್ತಿರದ ಅಂಗಡಿಯಿಂದ ತಾವು ತೆಗೆದುಕೊಂಡಿದ್ದು. ಅಂಗಡಿಯವನು ವಾಪಸ್ ಬಂದರೆ ಕೊಡಬೇಕಲ್ಲ ಅಂತ ಬರೆದಿಟ್ಟಿದ್ದರು. ನೀರು ತಾಗಿ ಕಾಗದದ ಒಂದು ಮೂಲೆ ಅಳಿಸಿಹೋಗಿತ್ತು.

ಆ ಕನ್ವೆನ್ಷನ್ ಸೆಂಟರಿನ ಮುಂದೆ ಸಾವಿರಾರು ಜನ ಸಹಾಯ ಕೇಳಿ ಕೂಗುತ್ತಿದ್ದದ್ದನ್ನು ಇಡೀ ದೇಶ ಟೀವಿಯಲ್ಲಿ ನೋಡಿತ್ತು. ಫೆಮಾ ಅನ್ನುವ ಕೇಂದ್ರದ ವಿಪತ್ತು ಸಂಸ್ಥೆಯ ಮುಖ್ಯಸ್ಥ ಮೈಕೆಲ್ ಬ್ರೌನ್ ಮಾತ್ರ ಸೆಪ್ಟೆಂಬರ್ 1ರಂದು, ಅಲ್ಲಿ ಜನ ಇರೋದು ನಮಗೆ ಇವತ್ತಷ್ಟೇ ಗೊತ್ತಾಯ್ತು ಅಂದರು. ಮಾರನೇ ದಿನ ಇದೇ ಬ್ರೌನ್ ಅವರನ್ನು ಅಧ್ಯಕ್ಷ ಬುಷ್ ಎಲ್ಲರೆದುರು ಹೊಗಳಿದರು. ನಡೆದು ಪಾರಾಗೋಣ ಅಂತ ಸೇತುವೆ ಹತ್ತಿದವರನ್ನು ಆಚೆ ದಡದ ಗ್ರೆಟ್ನಾ ಊರಿನ ಪೊಲೀಸರು ಬಂದೂಕು ತೋರಿಸಿ ವಾಪಸ್ ಕಳಿಸಿದರು. ಸೆಪ್ಟೆಂಬರ್ 4ರಂದು ನ್ಯೂ ಆರ್ಲಿಯನ್ಸ್‌ನ ಡಾನ್ಜಿಗರ್ ಸೇತುವೆಯ ಮೇಲೆ ಅಲ್ಲಿನ ಪೊಲೀಸರೇ ಆರು ಜನರಿಗೆ ಗುಂಡು ಹೊಡೆದರು. ಒಬ್ಬರ ಕೈಯಲ್ಲೂ ಆಯುಧ ಇರಲಿಲ್ಲ. ಇಬ್ಬರು ಸತ್ತರು. ಒಬ್ಬನಿಗೆ 17 ವರ್ಷ. ಇನ್ನೊಬ್ಬ ಬುದ್ಧಿ ಬೆಳವಣಿಗೆಯಲ್ಲಿ ಹಿಂದುಳಿದಿದ್ದ ನಲವತ್ತರ ಮನುಷ್ಯ, ಅವನಿಗೆ ಗುಂಡು ಬಿದ್ದದ್ದು ಬೆನ್ನಿಗೆ. ಆ ಪೊಲೀಸರು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಕೇಸು ಮುಗಿದದ್ದು 2016ರಲ್ಲಿ.

ಒಳ್ಳೆಯದೂ ಆಯಿತು. ಕೋಸ್ಟ್ ಗಾರ್ಡ್ 33,000ಕ್ಕೂ ಹೆಚ್ಚು ಜನರನ್ನು ಕಾಪಾಡಿತು. ಮೀನು ಹಿಡಿಯುವ ಸ್ವಂತ ದೋಣಿ ತಂದು ಎಷ್ಟೋ ಜನ ಸಾಮಾನ್ಯರು ನೀರಿಗಿಳಿದರು. ಭಾರತದಿಂದಲೂ ವಾಯುಪಡೆಯ ಐಎಲ್-76 ವಿಮಾನ ಕಂಬಳಿ, ಟಾರ್ಪಾಲು ಹೊತ್ತು ಆರ್ಕನ್ಸಾ ರಾಜ್ಯದ ಲಿಟಲ್ ರಾಕಿಗೆ ಬಂದಿಳಿಯಿತು. ನಮ್ಮವರಿಗೆ ಇದು ನೆನಪೇ ಇಲ್ಲ.

ನೆನಪಿರುವುದು ಆಗ ಓಡಾಡಿದ ಆ ಇಮೇಲ್. ಕಟ್ರೀನಾಕ್ಕೆ ಒಂದು ತಿಂಗಳು ಮೊದಲು, 2005ರ ಜುಲೈ 26ರಂದು, ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಿತ್ತು. ಅಲ್ಲಿ ಯಾರೂ ಲೂಟಿ ಮಾಡಲಿಲ್ಲ, ಅಮೆರಿಕದವರನ್ನು ನೋಡಿ ಅಂತ ಆ ಇಮೇಲ್ ಸಾರಾಂಶ. ಮುಂಬೈ ಜನ ಗುರುತಿಲ್ಲದವರಿಗೂ ಚಹಾ, ಬಿಸ್ಕೆಟ್ ಕೊಟ್ಟರು, ಮನೆಯೊಳಗೆ ಮಲಗಿಸಿಕೊಂಡರು. ಅದು ನಿಜ, ಹೆಮ್ಮೆಯ ವಿಷಯವೇ. ಆದರೆ ಮುಂಬೈ ನೀರು ಬೇಗ ಇಳಿಯಿತು. ನ್ಯೂ ಆರ್ಲಿಯನ್ಸ್ ಬಾಣಲೆಯಂಥ ಊರು, ಅರ್ಧ ಊರು ಸಮುದ್ರಮಟ್ಟಕ್ಕಿಂತ ಕೆಳಗಿದೆ. ಪಂಪು ಹಾಕಿ ನೀರು ಖಾಲಿ ಮಾಡುವಷ್ಟರಲ್ಲಿ ಅಕ್ಟೋಬರ್ ಬಂತು. ಅದೂ ಅಲ್ಲದೆ, ಮುಂಬೈಯಲ್ಲೂ ಗಾಳಿಸುದ್ದಿ ಜೀವ ತೆಗೆದಿತ್ತು. ಜುಲೈ 28ರ ರಾತ್ರಿ ನೆಹರೂ ನಗರದ ಕೊಳೆಗೇರಿಯಲ್ಲಿ ಅಣೆಕಟ್ಟು ಒಡೆಯಿತು, ಸುನಾಮಿ ಬಂತು ಅಂತ ಯಾರೋ ಕೂಗಿ, ಕಾಲ್ತುಳಿತದಲ್ಲಿ ಹದಿನೈದಕ್ಕಿಂತ ಜಾಸ್ತಿ ಜನ ಸತ್ತರು. ಮಕ್ಕಳೂ ಇದ್ದರು.

ಇದು ಹಳೇ ಕಥೆ ಅಂತಲೂ ಅಂದುಕೊಳ್ಳಬೇಡಿ. ಹೋದ ವರ್ಷ ಹೆಲೀನ್ ಚಂಡಮಾರುತ ನಾರ್ತ್ ಕ್ಯಾರೊಲಿನಾವನ್ನು ಕೊಚ್ಚಿಹಾಕಿದಾಗ, ಬಂದೂಕು ಹಿಡಿದ ಗುಂಪು ಫೆಮಾ ಸಿಬ್ಬಂದಿಯನ್ನು ಹುಡುಕಿಕೊಂಡು ಬರುತ್ತಿದೆ ಅಂತ ಸುದ್ದಿ ಹಬ್ಬಿತು. ಕೆಲವು ಕಡೆ ಮನೆ ಮನೆಗೆ ಹೋಗುವ ಕೆಲಸ ನಿಲ್ಲಿಸಿದರು. ಕೊನೆಗೆ ನೋಡಿದರೆ, ಬೆದರಿಸಿದ್ದಕ್ಕೆ ಸಿಕ್ಕಿಬಿದ್ದವನು ಒಬ್ಬನೇ ಒಬ್ಬ. ಗುಂಪು ಇರಲೇ ಇಲ್ಲ.

ಸಂಜೆ ಗುಂಪಿನಲ್ಲಿ ಆ ಸೂಪರ್‌ಡೋಮ್ ವರದಿಯ ಸಾರಾಂಶ ಹಾಕಿದೆ, ಅಜ್ಜಿಯ ಲೆಕ್ಕದ ಕಾಗದದ ಬಗ್ಗೆಯೂ ಬರೆದೆ. ವಿಡಿಯೋ ಹಾಕಿದ ಹುಡುಗ ಅದನ್ನು ಅಳಿಸಿದ್ದಾನೆ. "ಅಕ್ಕಾ, ಅವರಿಗೆ ಅಂಗಡಿಯವನು ಸಿಕ್ಕಿದ್ನಾ?" ಅಂತ ಕೇಳಿದ. ಸೆಪ್ಟೆಂಬರ್ ಕೊನೆಯಲ್ಲಿ ಅವರು ಮಗಳಿದ್ದ ಅಟ್ಲಾಂಟಾಕ್ಕೆ ಹೋದರು, ಆಮೇಲೆ ಸುದ್ದಿ ಇಲ್ಲ ಅಂತ ಉತ್ತರ ಬರೆದೆ.